ಜಟ್ಟು ಮುಳುಗಿಸಿದ್ದು, ಜಟ್ಟು ಎತ್ತಿದ್ದು

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಸರೀರಿ.

ಕಡಲ ತಡಿಯಲ್ಲಿ ಒಂದೂರು. ಆ ಊರಲ್ಲಿ ಮೀನು ಮಾರಿ ಬದುಕುವ ಮಾಸ್ತಮ್ಮ. ಅವಳಿಗೆ ಒಬ್ಬನೇ ಮಗ ಜಟ್ಟು. ಆಳು ನೋಡಿದರೆ ಆನೆ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಒಂದಿನ ಮಾಸ್ತಮ್ಮ ಉಪ್ಪು ಹಾಕಿದ ಮೀನನ್ನು ಬಿಸಿಲಿಗೆ ಹರಡಿದಳು. "ಕಾಗೆ ಬರ್ತದೆ, ನೋಡ್ತಾ ಇರು ಮಗಾ" ಅಂದು ಪೇಟೆಗೆ ಹೋದಳು. ಬಂದು ನೋಡಿದರೆ ಚಾಪೆ ಇದೆ, ಮೀನಿಲ್ಲ!

"ಅಯ್ಯೋ ನನ್ನ ಕರ್ಮವೇ! ಕಾಗೆ ತಿನ್ನುವಾಗ ನೀನು ಎಂತ ಮಾಡ್ತಿದ್ದೆ?"

"ನೋಡ್ತಾ ಇದ್ದೆ ಅಮ್ಮಾ. ಚೆನ್ನಾಗಿ ತಿಂದ್ವು."

ಮಾಸ್ತಮ್ಮ ಹಣೆ ಹಣೆ ಬಡಿದುಕೊಂಡಳು. ಆದರೆ ಪಕ್ಕದ ಮನೆಯ ಬೀರಮ್ಮ ಬೇಲಿಯಾಚೆಯಿಂದ "ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ನಕ್ಕದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಯಾರೇ ಹೆಗ್ಗಣ? ನಿಮ್ಮ ಮಕ್ಕಳು ನೀರಿಗೆ ಬಿದ್ರೆ ಬೊಬ್ಬೆ ಹಾಕ್ತಾರೆ. ನನ್ನ ಮಗ ನೀರಿಗೆ ಬಿದ್ರೆ ಮೀನು ಎದ್ದು ಜಾಗ ಬಿಡ್ತದೆ!"

ಸುಳ್ಳಲ್ಲ. ಅವಳು ಒಂದು ಎಲೆಯಡಿಕೆ ಕವಳ ಹಾಕಿ, ಜಗಿದು, ಉಗಿಯುವವರೆಗೂ ಅವನು ನೀರಿನಡಿ ಇರಬಲ್ಲ. ಇಂಥ ಮಗ ದೋಣಿ ಹತ್ತಬೇಕು, ಕಡಲಲ್ಲಿ ದುಡಿದು ನಾಲ್ಕು ಜನರ ಬಾಯಲ್ಲಿ ಸೈ ಅನ್ನಿಸಿಕೊಳ್ಳಬೇಕು. ಮಾಸ್ತಮ್ಮನಿಗೆ ಇದ್ದದ್ದು ಇದೊಂದೇ ಆಸೆ.

ಅವಳ ಅಣ್ಣ ಕುಪ್ಪಯ್ಯನಿಗೆ ಒಂದು ದೋಣಿಯಿತ್ತು. ಮೊದಲು ಅದರಲ್ಲಿ ಮೀನು ಹಿಡಿದು ಮಾರುತ್ತಿದ್ದ. ಈಗ ಊರಿಗೆ ಪ್ರವಾಸಿಗಳು ಹಿಂಡು ಹಿಂಡಾಗಿ ಬರುತ್ತಾರೆ ನೋಡಿ, ದೋಣಿಗೆ ನೀಲಿ ಬಣ್ಣ ಬಳಿದ. ಕೆಲವರ ಕೈಗೆ ಗಾಳ ಕೊಟ್ಟು ಕೂರಿಸುತ್ತಾನೆ, ಕೆಲವರ ಬೆನ್ನಿಗೆ ಸಿಲಿಂಡರ್ ಕಟ್ಟಿಸಿ ನೀರಿನಡಿಯ ಮೀನು ತೋರಿಸುತ್ತಾನೆ. ಹಿಡಿದ ಮೀನಿಗಿಂತ ಹಿಡಿಯದ ಮೀನಿಗೇ ಬೆಲೆ ಬಂದ ಕಾಲ!

"ಸೇರಿಸ್ಕೊಳ್ತೆ ತಂಗೀ," ಅಂದ ಕುಪ್ಪಯ್ಯ. "ಆದ್ರೆ ನಾನು ಇಳಿಸಿದವನನ್ನ ಈ ತಡಿಯಲ್ಲಿ ಬೇರೆ ಯಾರೂ ಹತ್ತಿಸೂದಿಲ್ಲ. ಆಮೇಲೆ ಅವನಿಗೆ ದಡವೇ ಗತಿ."

ಮೊದಲ ದಿನ ಒಬ್ಬ ಪ್ರವಾಸಿ ಹೊಳೆಹೊಳೆಯುವ ಹೊಸ ಗಾಳದ ಕೋಲು ತಂದಿದ್ದ.

"ಜಟ್ಟೂ, ಸಾಹೇಬರ ಗಾಳ ಹಾಕು!" ಅಂದ ಕುಪ್ಪಯ್ಯ.

ಜಟ್ಟು ಹಾಕಿದ. ಕೋಲು, ದಾರ, ಕೊಕ್ಕೆ ಎಲ್ಲ ಸೇರಿಸಿ ರಪ್ಪಂತ ಕಡಲಿಗೆ ಹಾಕಿದ!

"ಪೆದ್ದೇ!" ಅಂತ ಸಂಜೆ ಮಾಸ್ತಮ್ಮ ಬೈದಳು. "ಕೈಗೆ ಬಂದದ್ದನ್ನ ಬಿಡ್ತಾರೇನಾ? ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡೀಬೇಕು. ಯಾರು ಕೂಗಿದರೂ ಬಿಡಬಾರದು!"

"ಆಯ್ತಮ್ಮಾ. ಹಿಡೀತೆ, ಬಿಡೂದಿಲ್ಲ."

ಅವನು ಆಚೆ ಹೋದ ಮೇಲೆ ಅಣ್ಣನನ್ನು ಮೆಲ್ಲಗೆ ಕೇಳಿದಳು: "ಎಷ್ಟು ದೂರ ಬಿತ್ತಾ?"

"ಕಣ್ಣಿಗೇ ಕಾಣ್ಲಿಲ್ಲ ಮಾರಾಯ್ತಿ."

"ಅಷ್ಟು ದೂರ ಯಾರ ಮಗ ಎಸೀತಾನೆ ಹೇಳು!"

ಮರುದಿನ ದೋಣಿ ಖಾಲಿ. "ದಡದ ಮೇಲೆ ಹೋಗಿ ಒಂದೆರಡು ಗಿರಾಕಿ ಹಿಡ್ಕೊಂಡು ಬಾ" ಅಂದ ಕುಪ್ಪಯ್ಯ. ಜಟ್ಟು ಯೋಚಿಸಿದ. ಹಿಡಿಯಲಿಕ್ಕೆ ಬಲೆ ಬೇಕಲ್ಲ? ಬೀಸುಬಲೆ ಹೆಗಲಿಗೆ ಹಾಕಿಕೊಂಡು ನಡೆದ. ಹೊಸದಾಗಿ ಮದುವೆಯಾದ ಜೋಡಿಯೊಂದು ಚುರುಮುರಿ ತಿನ್ನುತ್ತಾ ಕೂತಿತ್ತು. ಬೀಸಿದ ನೋಡಿ, ಗುಂಡಗೆ ಬಿತ್ತು ಬಲೆ! ಗಂಡ ಕೂಗಿದ, ಹೆಂಡತಿ ಕೂಗಿದಳು, ಚುರುಮುರಿಯವನೂ ಕೂಗಿದ. ಯಾರು ಕೂಗಿದರೂ ಬಿಡಬಾರದಲ್ಲ? ದೋಣಿಯವರೆಗೂ ಎಳೆದೇ ತಂದ.

"ಮಾವಾ, ಹಿಡ್ಕೊಂಡು ಬಂದೆ!"

ಕುಪ್ಪಯ್ಯ ಕೈಮುಗಿದು, ಕಾಲಿಗೆ ಬಿದ್ದು, ಬಲೆ ಬಿಡಿಸಿ, ಎಳನೀರು ಕುಡಿಸಿ ಕಳಿಸಬೇಕಾಯಿತು.

"ಹೋದೆಯಾ ಪಿಶಾಚೀ ಅಂದ್ರೆ ಬಂದೆ ಗವಾಕ್ಷೀಲಿ ಅಂದ್ಹಾಗಾಯ್ತು!" ಅಂತ ಮಾಸ್ತಮ್ಮ ಕೂಗಾಡಿದಳು. "ಗಿರಾಕಿ ಅಂದ್ರೆ ಮೀನಲ್ಲ ಮಗಾ, ಗಿರಾಕಿ ಅಂದ್ರೆ ದೇವರು! ದೇವರಿಗೆ ಮಾಡಿದ ಹಾಗೇ ಮಾಡಬೇಕು!"

"ಆಯ್ತಮ್ಮಾ. ದೇವರಿಗೆ ಮಾಡಿದ ಹಾಗೇ."

ಆಮೇಲೆ ಬೇಲಿಯ ಕಡೆ ತಿರುಗಿ, ಬೀರಮ್ಮನಿಗೆ ಕೇಳಿಸುವ ಹಾಗೆ ಅಂದಳು: "ಒಂದೇ ಬೀಸಿಗೆ ಎರಡು! ಅವರಪ್ಪನಿಗೂ ಆ ಕೈ ಇರಲಿಲ್ಲ!"

ಮೂರನೆಯ ದಿನ ಹುಬ್ಬಳ್ಳಿಯಿಂದ ಒಬ್ಬ ಜವಳಿ ಸಾಹುಕಾರ ಬಂದ. ದುಂಡಗಿನ ಹೊಟ್ಟೆ, ಅದರ ಮೇಲೆ ಬಿಗಿಯಾಗಿ, ಮುಳುಗುವವರು ಹಾಕುವ ಕರೀ ರಬ್ಬರಿನ ಅಂಗಿ. ಜಟ್ಟು ಅವನ ಕೊರಳಿಗೆ ದಾಸವಾಳದ ಮಾಲೆ ಹಾಕಿದ. ಅರಿಶಿನ ಕುಂಕುಮ ಹಚ್ಚಿದ. ಊದುಬತ್ತಿ ಬೆಳಗಿದ, ಕಾಯಿ ಒಡೆದ.

"ಭಾಳ ಚಲೋ ಹುಡುಗ ನೋಡ್ರಿ!" ಅಂತ ಸಾಹುಕಾರ ಉಬ್ಬಿದ. ಕುಪ್ಪಯ್ಯನೂ ಉಬ್ಬಿದ.

ದೋಣಿ ಆಳಕ್ಕೆ ಬಂತು. ಹೊಟ್ಟೆಯಿರುವ ದೇವರನ್ನು ಪೂಜೆ ಮಾಡಿ ಕಡಲಿಗೆ ತಂದ ಮೇಲೆ ಏನು ಮಾಡುತ್ತಾರೆ? ನಿಮಗೂ ಗೊತ್ತು, ಜಟ್ಟುವಿಗೂ ಗೊತ್ತು. ಸಾಹುಕಾರನನ್ನು ಅನಾಮತ್ತಾಗಿ ಎತ್ತಿಕೊಂಡು ನೀರಿಗೆ ಹಾರಿದ.

"ಗಣಪತಿ ಬಪ್ಪಾ..." ಒಂದು ಮುಳುಗು!

"ಏ ಏ ಏ! ಬಾಯಾಗ ಉಸಿರಿನ ಕೊಳವಿ ಇಟ್ಟಿಲ್ಲೋ..."

"ಮೋರ್ಯಾ!" ಇನ್ನೊಂದು ಮುಳುಗು! ಮೂರನೆಯದಕ್ಕೆ ಕೈಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡು, ಹಿಂದಿರುಗಿ ನೋಡದೆ ದೋಣಿ ಹತ್ತಿದ.

ಮುಳುಗುವುದನ್ನು ಕಲಿಸುವ ಮೇಷ್ಟ್ರು ಒಬ್ಬರಿದ್ದರು, ಪಟ್ಟಣದವರು. ಅವರು ಧುಮುಕಿ ಸಾಹುಕಾರನನ್ನು ಎಳೆದು ತಂದರು.

ದಡಕ್ಕೆ ಬಂದವನೇ ಕುಪ್ಪಯ್ಯ ಗುಡುಗಿದ. "ಇಳೀ ಕೆಳಗೆ! ಇನ್ನು ದೋಣಿಗೆ ಕಾಲಿಟ್ರೆ ನೋಡು!"

ಮಾಸ್ತಮ್ಮ ಸೊಂಟಮಟ್ಟ ನೀರಿಗೆ ಇಳಿದು ದೋಣಿಯ ಹಗ್ಗ ಹಿಡಿದು ನಿಂತಳು.

"ಅಣ್ಣಾ, ಮುಳುಗಿಸೂದು ಕಲಿತಾಯ್ತು. ಎತ್ತೂದೊಂದು ಕಲಿಸು!"

ಸಾಹುಕಾರ ನೀರು ಕಕ್ಕುತ್ತಲೇ ನಕ್ಕುಬಿಟ್ಟ. "ದೇವರಾದ ಮ್ಯಾಲ ಸಿಟ್ಟು ಮಾಡಬಾರದ್ರಿ. ನಾಳೆ ಮತ್ತ ಬರ್ತೀನಿ, ಹುಡುಗನೂ ಇರಲಿ."

ಕುಪ್ಪಯ್ಯ ಹಲ್ಲು ಕಡಿದ. "ನಾಳೆಯೊಂದೇ ದಿನ. ಮತ್ತೆ ಎಡವಟ್ಟು ಮಾಡಿದ್ರೆ, ತಂಗೀ, ನೀನು ಅತ್ತರೂ ಇಲ್ಲ, ಕರೆದರೂ ಇಲ್ಲ."

ಮೇಷ್ಟ್ರು ಜಟ್ಟುವನ್ನು ಕೂರಿಸಿಕೊಂಡು ಹೇಳಿಕೊಟ್ಟರು. "ನೋಡಪ್ಪಾ, ನೀರಿನಡಿ ಮಾತಿಲ್ಲ, ಕೈಸನ್ನೆಯೊಂದೇ. ಬೆರಳು ದುಂಡಗೆ ಸೇರಿಸಿದರೆ ಎಲ್ಲ ಸರಿ ಇದೆ ಅಂತ. ಹೆಬ್ಬೆರಳು ಮೇಲೆತ್ತಿದರೆ ನನ್ನನ್ನು ಮೇಲೆ ಕರಕೊಂಡು ಹೋಗು ಅಂತ. ಯಾರೇ ಎತ್ತಲಿ, ಯಾಕೆ ಅಂತ ಕೇಳದೆ, ನಿನ್ನ ಸಿಲಿಂಡರಿನ ಇನ್ನೊಂದು ಕೊಳವೆ ಅವರ ಬಾಯಿಗಿಟ್ಟು ಮೇಲೆ ತರಬೇಕು. ನಿಧಾನ! ನಿನ್ನ ಉಸಿರಿನ ಗುಳ್ಳೆಗಿಂತ ಮುಂದೆ ಏರಬಾರದು."

ಮಾಸ್ತಮ್ಮ ಮೀನು ಕೊಯ್ಯುತ್ತಾ ಕೇಳಿದಳು, ಒಲೆ ಊದುತ್ತಾ ಕೇಳಿದಳು: "ಹೆಬ್ಬೆರಳು ಎತ್ತಿದ್ರೆ?" "ಮೇಲೆ ತರೂದು ಅಮ್ಮಾ!" "ಯಾರು ಎತ್ತಿದ್ರೆ?" "ಯಾರು ಎತ್ತಿದ್ರೂ ಅಮ್ಮಾ!"

ಮರುದಿನ ಅವಳೂ ದೋಣಿಯಲ್ಲಿ ಬಂದು ಕೂತಳು. ಮೇಷ್ಟ್ರು, ಸಾಹುಕಾರ, ಇನ್ನೂ ಕೆಲವರು ಪ್ರವಾಸಿಗಳು, ಹಿಂದೆ ಜಟ್ಟು, ಎಲ್ಲರೂ ಸಿಲಿಂಡರ್ ಕಟ್ಟಿಕೊಂಡು ಕೆಳಗೆ ಹೋದರು.

ಕೆಳಗೆ ಏನಾಯಿತು ಗೊತ್ತೇ? ಈ ಪ್ರವಾಸಿಗಳಿಗೆ ಸನ್ನೆ ಎಷ್ಟು ಕಲಿಸಿದರೂ ಫೋಟೋ ಅಂದರೆ ಸಾಕು, ಹೆಬ್ಬೆರಳು ತಾನಾಗಿ ಏಳುತ್ತದೆ. 'ಸೂಪರ್!' ಅಂತ. ದಿನಾ ನೋಡಿ ನೋಡಿ ಮೇಷ್ಟ್ರಿಗೂ ರೂಢಿಯಾಗಿತ್ತು. ಅಂದು ಸಾಹುಕಾರನ ಬಾಯಿಯ ಕೊಳವೆಗೆ ನೀರು ನುಗ್ಗಿತು. ಅವನು ಹೆಬ್ಬೆರಳು ಎತ್ತಿದ. ಮೇಷ್ಟ್ರು ಕ್ಯಾಮೆರಾ ಹಿಡಿದರು! ಪಕ್ಕದವರಿಗೆ ತೋರಿಸಿದ. ಅವರೂ ಹೆಬ್ಬೆರಳು ಎತ್ತಿದರು!

ಜಟ್ಟುವಿಗೆ ಸೂಪರ್ ಗೊತ್ತಿಲ್ಲ, ಫೋಟೋ ಗೊತ್ತಿಲ್ಲ. ಹೆಬ್ಬೆರಳು ಕಂಡಿತು. ತನ್ನ ಸಿಲಿಂಡರಿನ ಇನ್ನೊಂದು ಕೊಳವೆಯನ್ನು ಸಾಹುಕಾರನ ಬಾಯಿಗಿಟ್ಟು, ತೋಳು ಹಿಡಿದ. ಗುಳ್ಳೆ ಮುಂದೆ, ತಾನು ಹಿಂದೆ, ನಿಧಾನ ನಿಧಾನವಾಗಿ ಮೇಲೆ ತಂದ.

"ಮತ್ತೆ ಎಂತ ಎಡವಟ್ಟಾ ಇದು!" ಅಂತ ಕುಪ್ಪಯ್ಯ ಚೀರಿದ. ಮಾಸ್ತಮ್ಮನ ಜೀವ ಬಾಯಿಗೆ ಬಂತು.

ಸಾಹುಕಾರ ಕೆಮ್ಮಿದ, ಕಕ್ಕಿದ, ಆಮೇಲೆ ಜಟ್ಟುವಿನ ಕೈ ಹಿಡಿದು ಅತ್ತ. "ನಾ ಸಾಯ್ತಿದ್ನಿ. ಎಲ್ಲಾರಿಗೂ ತೋರ್ಸಿದೆ, ಎಲ್ಲಾರೂ ನಕ್ರು. ಇವನೊಬ್ಬನ ಬಂದ!"

ಕುಪ್ಪಯ್ಯ ಟವೆಲ್ಲಿನಲ್ಲಿ ಸೋದರಳಿಯನ ತಲೆ ಒರೆಸಿದ. "ಈ ದೋಣಿ ಇರುವಷ್ಟು ದಿನ ನೀನೂ ಇರ್ತೆ" ಅಂದ. ಮಾಸ್ತಮ್ಮನಿಗೆ ಹೆಮ್ಮೆ ಎದೆಯಲ್ಲಿ ಹಿಡಿಸದೆ ಕಣ್ಣಲ್ಲಿ ಇಳಿಯಿತು. ಜಟ್ಟು ಮಾತ್ರ "ಇನ್ನೂ ಸುಮಾರು ಜನ ಇದ್ದಾರೆ" ಅಂದವನೇ ಮತ್ತೆ ಮುಳುಗಿ, ಸೂಪರ್ ಅಂದವರನ್ನೆಲ್ಲ ಒಬ್ಬೊಬ್ಬರಾಗಿ ಹೊತ್ತು ತಂದ!

ಆ ವಾರವೇ ದಡದಲ್ಲಿ ಚಪ್ಪರ ಹಾಕಿ ಸನ್ಮಾನ ಮಾಡಿದರು. ಊರಿಗೆ ಊರೇ ಸೇರಿತು, ಪ್ರವಾಸಿಗಳೂ ಕಿಕ್ಕಿರಿದರು. ಸಾಹುಕಾರ ಶಾಲು ಹೊದಿಸಿ "ಶಭಾಶ್!" ಅಂತ ಕೂಗಿ, ಹೆಬ್ಬೆರಳು ಎತ್ತಿದ.

ಜಟ್ಟು ಗಾಬರಿಬಿದ್ದ. ಪಾಪ, ಮತ್ತೆ ಉಸಿರು ಕಟ್ಟಿತೇ? ಸಾಹುಕಾರನನ್ನು ಹೆಗಲಿಗೇರಿಸಿದ. ಮೇಲೆ ಅಂದರೆ ಎಲ್ಲಿ? ಪಕ್ಕದಲ್ಲೇ ಕಡಲು ಕಾಯುವವರ ಅಟ್ಟಣೆಯಿತ್ತು. ಏಣಿ ಹತ್ತಿದ. ಗುಳ್ಳೆ ಎಲ್ಲೂ ಕಾಣದ್ದರಿಂದ ಬಹಳ ನಿಧಾನವಾಗಿ ಹತ್ತಿದ. ಇಳಿದು ಬಂದರೆ ಪಂಚಾಯತಿ ಅಧ್ಯಕ್ಷರು ಫೋಟೋಕ್ಕೆ ಹೆಬ್ಬೆರಳು ಎತ್ತಿದ್ದಾರೆ. ಅವರೂ ಮೇಲೆ! ಅವರನ್ನು ನೋಡಿ ಬೀರಮ್ಮ ಎತ್ತಿದಳು. ಅವಳೂ ಮೇಲೆ!

"ನಿಲ್ಲಿಸೋ ಪೆದ್ದೇ!" ಅಂತ ಕುಪ್ಪಯ್ಯ ಕೂಗಿದ. "ತಂಗೀ, ಬೈಯೇ ಅವನಿಗೆ!"

ಮಾಸ್ತಮ್ಮ ಬೈಯಲೆಂದೇ ಎದ್ದಳು. ಬಾಯಿ ತೆರೆದಳು. ಹೆಗಲ ಮೇಲೆ ಜರಿ ಶಾಲು, ಮೈಯೆಲ್ಲ ಬೆವರು, ಏಣಿಯ ಬುಡದಲ್ಲಿ ನಿಂತ ಮಗನನ್ನು ಕಂಡಳು. ಬೈಗುಳ ಬರಲಿಲ್ಲ. ಕೈ ತಾನಾಗಿ ಎದ್ದಿತು, ಹೆಬ್ಬೆರಳೂ ಎದ್ದಿತು.

"ಬಂದೇ ಅಮ್ಮಾ!"

ಹೂವಿನ ಬುಟ್ಟಿಯ ಹಾಗೆ ಅವಳನ್ನು ಎತ್ತಿಕೊಂಡು ಹೋಗಿ ಅಧ್ಯಕ್ಷರ ಪಕ್ಕದಲ್ಲಿ ಕೂರಿಸಿದ. ಅಲ್ಲಿಂದ ಕಡಲು ಪೂರಾ ಕಾಣುತ್ತಿತ್ತು, ಊರೂ ಪೂರಾ ಕಾಣುತ್ತಿತ್ತು. ಮಾಸ್ತಮ್ಮ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದಳು: "ನೋಡ್ರೋ, ಇವ ನನ್ನ ಮಗ!"

ಜನ ಹೋ ಅಂದರು. ಹೋ ಅಂದು, ಇದ್ದಷ್ಟೂ ಜನ, ಹೆಬ್ಬೆರಳು ಎತ್ತಿದರು.

ಜಟ್ಟು ಆ ಕಡೆಯಿಂದ ಈ ಕಡೆಯವರೆಗೆ ಒಮ್ಮೆ ನೋಡಿದ. ಶಾಲು ಸೊಂಟಕ್ಕೆ ಬಿಗಿದು ಏಣಿ ಇಳಿಯತೊಡಗಿದ.

"ಹೆದರ್ಬೇಡಿ, ಸಾಲಾಗಿ ಬನ್ನಿ," ಅಂದ. "ಒಬ್ಬರನ್ನೂ ಕೆಳಗೆ ಬಿಡೂದಿಲ್ಲ!"