ಓದಿಸಿ ಕೇಳಿದೆ, ಸರಿ ಇದೆ

"ಗುರುಗಳೇ, ನಾನು ಓದಿದ ಕಾನೂನು ಕಾಲೇಜಿಗೆ ಕೃತಜ್ಞತೆ ಹೇಳಬೇಕೇ?" ಎಂದು ಶಿಷ್ಯೆ ಕೇಳಿದಳು.

ಅವಳು ಐದು ವರ್ಷ ಕಾನೂನು ಓದಿ, ಅದನ್ನು ಬಿಟ್ಟು, ಭಾಷಾವಿಜ್ಞಾನಕ್ಕೆ ಬಂದವಳು. ನದಿಯಾಚೆಯ ಊರಿನಲ್ಲಿ ಚಾಪೆ ಹೆಣೆಯುವ ಹೆಂಗಸರ ಮಾತಿನ ಮೇಲೆ ಪ್ರಬಂಧ ಬರೆದು ಮುಗಿಸಿದ್ದಳು. ಅದರ ಮೊದಲ ಪುಟವನ್ನು ಗುರುಗಳಿಗೆ ತೋರಿಸಲು ತಂದಿದ್ದಳು. ಅದು ಕೃತಜ್ಞತೆಯ ಪುಟ. ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಗುರುಗಳ ಹೆಸರಿತ್ತು, ಗ್ರಂಥಪಾಲಕರ ಹೆಸರಿತ್ತು, ತಮ್ಮ ಮಾತನ್ನು ಕೊಟ್ಟ ಹನ್ನೊಂದು ಹೆಂಗಸರ ಹೆಸರು ಸಾಲಾಗಿ ಇತ್ತು. ಕಾನೂನು ಕಾಲೇಜಿನ ಹೆಸರು ಇರಲಿಲ್ಲ.

"ಆ ಐದು ವರ್ಷ ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಹೆಸರು ಹಾಕಿದರೆ ಸುಳ್ಳು ಹೇಳಿದ ಹಾಗೆ. ಹಾಕದಿದ್ದರೆ ಉಪಕಾರ ಮರೆತ ಹಾಗೆ. ಏನು ಮಾಡಲಿ ಗುರುಗಳೇ?"

ಗುರುಗಳು ಪುಟವನ್ನು ಪೂರ್ತಿ ಓದಿ ಪಕ್ಕಕ್ಕಿಟ್ಟರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಕರಿಕೋಟು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಬಳಿಗೆ ಬೆಟ್ಟದ ಮೇಲಿನ ಹತ್ತಾರು ಗುಡಿಸಲಿನ ಹಾಡಿಯಿಂದ ಒಬ್ಬ ರೈತ ಬಂದ. ಅವನು ಉಳುತ್ತಿದ್ದ ಇಳಿಜಾರಿನ ತುಂಡು ನೆಲವನ್ನು ಒಬ್ಬ ವ್ಯಾಪಾರಿ ತನ್ನದು ಎನ್ನುತ್ತಿದ್ದ. ಆ ನೆಲದಲ್ಲಿ ರೈತನ ತಾಯಿ ನೆಟ್ಟ ಹಲಸಿನ ಮರವಿತ್ತು. ರೈತನ ಕೈಯಲ್ಲಿ ಕಾಗದಪತ್ರ ಇರಲಿಲ್ಲ. ಸಾಕ್ಷಿಗೆ ಅವನ ಅಕ್ಕ ಇದ್ದಳು.

ಆ ಬೆಟ್ಟದವರಿಗೆ ತಮ್ಮದೇ ಒಂದು ಭಾಷೆ. ರೈತನಿಗೆ ಕನ್ನಡ ಬರುತ್ತಿತ್ತು. ಅಕ್ಕನಿಗೆ ಸಂತೆಯಲ್ಲಿ ಉಪ್ಪು ಕೊಳ್ಳುವಷ್ಟು ಮಾತ್ರ ಬರುತ್ತಿತ್ತು.

ಸಾಕ್ಷಿಯ ದಿನ ರೈತ ಜ್ವರದಲ್ಲಿ ಮಲಗಿದ್ದ. ಅಕ್ಕ ಒಬ್ಬಳೇ ಬೆಟ್ಟ ಇಳಿದು ಬಂದಳು. ಅವಳ ಭಾಷೆ ಬಲ್ಲವರು ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ಒಬ್ಬ ಅಂಗಡಿಯವನು, "ನನಗೆ ಅಷ್ಟಿಷ್ಟು ಬರುತ್ತದೆ" ಎಂದ. ಅವನನ್ನೇ ನಿಲ್ಲಿಸಿದರು.

ಅಕ್ಕ ಮಾತಾಡಿದಳು. ಒಂದು ಗಂಜಿ ಬೇಯುವಷ್ಟು ಹೊತ್ತು ಮಾತಾಡಿದಳು. ಅಂಗಡಿಯವನು, "ಎಷ್ಟು ವರ್ಷವಾಯಿತು ಅಂತ ಗೊತ್ತಿಲ್ಲವಂತೆ ಸ್ವಾಮಿ" ಎಂದ. ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದರು: 'ನನಗೆ ಏನೂ ಗೊತ್ತಿಲ್ಲ.'

ಕೋರ್ಟಿನಲ್ಲಿ ಒಂದು ಪದ್ಧತಿ ಇದೆ. ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು. ಸಾಕ್ಷಿ ಕೇಳಿ ಒಪ್ಪಬೇಕು. ಕೆಳಗೆ 'ಓದಿಸಿ ಕೇಳಿದೆ, ಸರಿ ಇದೆ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಬೇಕು. ಗುಮಾಸ್ತ ಕನ್ನಡದಲ್ಲಿ ಒಂದೇ ಉಸಿರಿಗೆ ಓದಿದ. ದೊಡ್ಡವರ ಮುಂದೆ ತಲೆಯಾಡಿಸುವುದು ಮರ್ಯಾದೆ ಎಂದು ಅಕ್ಕ ತಲೆಯಾಡಿಸಿದಳು. ಹೆಬ್ಬೆಟ್ಟು ಒತ್ತಿದಳು.

ಅಷ್ಟು ಮಾತು ಇಷ್ಟೇ ಆಗಿರಲಾರದು ಎಂದು ವಕೀಲನಿಗೆ ಅನಿಸಿತು. ಆದರೆ ಊಟದ ಹೊತ್ತಾಗಿತ್ತು. ನ್ಯಾಯಾಧೀಶರು ಗಡಿಯಾರ ನೋಡುತ್ತಿದ್ದರು. ಅವನು ಸುಮ್ಮನಿದ್ದ.

'ಸ್ವಂತ ಅಕ್ಕನೇ ತನಗೆ ಏನೂ ಗೊತ್ತಿಲ್ಲ ಎಂದಿದ್ದಾಳೆ' ಎಂದು ತೀರ್ಪು ಬಂತು. ಮೇಲಿನ ಕೋರ್ಟೂ ಅದೇ ಕಾಗದವನ್ನು ನೋಡಿತು. ನೆಲ ಹೋಯಿತು, ಮರವೂ ಹೋಯಿತು. ರೈತ ಅಕ್ಕನ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟ. "ನಾನು ಎಲ್ಲ ಹೇಳಿದೆ ಕಣೋ" ಎಂದು ಅಕ್ಕ ಹೇಳಿ ಕಳಿಸಿದಳು. "ಕಾಗದದ ಮೇಲಿನ ಹೆಬ್ಬೆಟ್ಟು ಯಾರದು?" ಎಂದು ತಮ್ಮ ಹೇಳಿ ಕಳಿಸಿದ.

ಅಕ್ಕ ವಕೀಲನ ಮನೆಗೆ ಬಂದಳು. ಬಂದಷ್ಟು ಕನ್ನಡದಲ್ಲಿ ಕೇಳಿದಳು: "ಏ ಕರಿಕೋಟು, ನಾನು ಅಷ್ಟು ಹೊತ್ತು ಮಾತಾಡಿದೆನಲ್ಲ. ಆ ಮಾತೆಲ್ಲ ಎಲ್ಲಿ ಹೋಯಿತು?"

ಆ ಪ್ರಶ್ನೆ ವಕೀಲನನ್ನು ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಅವನು ಕೋಟನ್ನು ಗೂಟಕ್ಕೆ ಹಾಕಿ ಭಾಷಾವಿಜ್ಞಾನ ಓದಲು ಹೋದ.

ಅಲ್ಲಿ ಅವನು ತನಗಿಂತ ಚಿಕ್ಕವರ ನಡುವೆ ಕುಳಿತ. "ಏನು ಲಾಯರ್ ಸಾಹೇಬರೇ, ಸ್ವರಕ್ಕೂ ವ್ಯಂಜನಕ್ಕೂ ರಾಜಿ ಮಾಡಿಸುತ್ತೀರಾ?" ಎಂದು ಅವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಪದವಿ ಪಡೆದ, ಅಲ್ಲಿಯೇ ಅಧ್ಯಾಪಕನಾದ. ಆ ಬೆಟ್ಟದ ಭಾಷೆಗೆ ನಿಘಂಟು ಇರಲಿಲ್ಲ. ತಾನೇ ಬರೆಯುತ್ತೇನೆಂದು ಹೊರಟು ಅಕ್ಕನ ಬಾಗಿಲಲ್ಲಿ ನಿಂತ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಸಂತೆಯಲ್ಲಿ ಇನ್ನಷ್ಟು ಕಲಿತಿದ್ದ ಕನ್ನಡದಲ್ಲಿ ಕೇಳಿದಳು: "ಕೋಟು ಎಲ್ಲಿ?"

"ಬಿಟ್ಟೆ ಅವ್ವ. ನಿಮ್ಮ ಮಾತು ಬರೆದುಕೊಳ್ಳಲು ಬಂದಿದ್ದೇನೆ."

"ಹಾಗಾದರೆ ಕೂತುಕೋ. ಮೊದಲು ಗಂಜಿ ಕುಡಿ. ಅದಕ್ಕೆ ನಾವು ಏನನ್ನುತ್ತೇವೆ ಅಂತ ಆಮೇಲೆ ಬರೆದುಕೊಳ್ಳುವೆಯಂತೆ."

ತನ್ನನ್ನು ಅವಳು ಬಾಗಿಲಿಂದಲೇ ಹಿಂದಕ್ಕೆ ಕಳಿಸಬಹುದಿತ್ತು ಎಂಬುದನ್ನು ಅವನು ಎಂದೂ ಮರೆಯಲಿಲ್ಲ. ಕೋಟು ಹೋದರೂ ಕರಿಕೋಟು ಎಂಬ ಹೆಸರು ಹೋಗಲಿಲ್ಲ.

ಅವನು ಒಂದು ಪದಕ್ಕೆ ಒಂದು ಹಾಳೆ ಇಟ್ಟ. ಪದ, ಅದರ ಅರ್ಥ, ಅಕ್ಕ ಹೇಳಿದ ಒಂದೆರಡು ಮಾತು. ಸಂಜೆಯಾದರೆ ಬರೆದದ್ದನ್ನೆಲ್ಲ ನಿಧಾನವಾಗಿ ಅವಳಿಗೆ ಓದಿ ಹೇಳುತ್ತಿದ್ದ. ಅವಳು ಒಬ್ಬಳೇ ಒಪ್ಪಿದರೆ ಅವನಿಗೆ ಸಾಲದು, ಆಸ್ತಿಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು ಎಂಬ ಕಾನೂನಿನ ಅಭ್ಯಾಸ ಅವನದು. ಹಾಡಿಯಲ್ಲಿ ಜೇನು ಕೀಳುವ ಒಬ್ಬ ಮುದುಕನಿದ್ದ. ಅವನಿಗೂ ಓದಿ ಹೇಳುತ್ತಿದ್ದ. ಇಬ್ಬರೂ ಹೂಂ ಎಂದ ಮೇಲೆ ಕೆಳಗೆ 'ಓದಿಸಿ ಕೇಳಿದೆವು, ಸರಿ ಇದೆ' ಎಂದು ಬರೆದು ಎರಡು ಹೆಬ್ಬೆಟ್ಟು ಒತ್ತಿಸುತ್ತಿದ್ದ.

ವಿಭಾಗದ ಮುಖ್ಯಸ್ಥರು ಹಾಳೆಗಳನ್ನು ನೋಡಿ ನಕ್ಕರು. "ಇದೇನ್ರೀ ಇದು, ನಿಘಂಟೋ ಕ್ರಯಪತ್ರವೋ?"

ಆದರೆ ಹತ್ತು ಹಾಳೆ ಓದಿದರೆ ಮೂರು ತಿದ್ದುಪಡಿಗೆ ಬರುತ್ತಿದ್ದವು. ಓದದೆ ಇದ್ದಿದ್ದರೆ ಆ ಮೂರು ತಪ್ಪು ಹಾಗೇ ಅಚ್ಚಾಗುತ್ತಿದ್ದವು. ಇದು ವಕೀಲನಿಗೆ ಮಾತ್ರ ಗೊತ್ತಿತ್ತು.

ಹೀಗೆ ಒಂಬತ್ತು ವರ್ಷ ಕಳೆಯಿತು. ಜೇನಿನ ಮುದುಕ ತೀರಿಕೊಂಡ. ಮುನ್ನೂರು ಹಾಳೆಗೆ ಎರಡನೆಯ ಸಾಕ್ಷಿ ಇಲ್ಲದಾಯಿತು. ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಹುದ್ದೆ ತೆರವಾಯಿತು. ಯುಗಾದಿಯೊಳಗೆ ನಿಘಂಟು ಅಚ್ಚಾದರೆ ಹುದ್ದೆ ಅವನದು. "ಆ ಮುನ್ನೂರಕ್ಕೆ ಒಂದೇ ಹೆಬ್ಬೆಟ್ಟು ಸಾಕು ಬಿಡಿ. ಯಾರು ನೋಡುತ್ತಾರೆ?" ಎಂದರು ಮುಖ್ಯಸ್ಥರು.

ವಕೀಲನಿಗೂ ಹಾಗೆಯೇ ಅನಿಸಿತು. ಆದರೆ ಹಳೆಯ ಪದಗಳನ್ನು ಬಲ್ಲವನು ಆ ಬೆಟ್ಟದಲ್ಲಿ ಇನ್ನೊಬ್ಬನಿದ್ದ, ಆ ರೈತ. ಒಂಬತ್ತು ವರ್ಷದಲ್ಲಿ ವಕೀಲ ಒಂದು ಸಲವೂ ಅವನ ಅಂಗಳಕ್ಕೆ ಹೋಗಿರಲಿಲ್ಲ. ಅವನ ಮನೆಯ ಮುಂದಿನ ದಾರಿಯನ್ನು ಬಿಟ್ಟು ಸುತ್ತಿನ ದಾರಿಯಲ್ಲಿ ಬೆಟ್ಟ ಹತ್ತುತ್ತಿದ್ದ. ತಾನು ಅಂದು ಸುಮ್ಮನಿದ್ದದ್ದನ್ನು ಅವನಿಗೆ ಹೇಳಿರಲಿಲ್ಲ.

ವಕೀಲ ಎರಡು ದಿನ ಹಾಳೆಯ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತ. ಒಮ್ಮೆ ಊಟದ ಹೊತ್ತಾಯಿತೆಂದು ಸುಮ್ಮನಿದ್ದೆ, ಈಗ ಹುದ್ದೆಗಾಗಿ ಸುಮ್ಮನಿರಲೇ ಎಂದುಕೊಂಡ. ಮೂರನೆಯ ದಿನ ನೇರ ದಾರಿ ಹಿಡಿದು ಹೋದ.

ರೈತ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. "ಬನ್ನಿ ವಕೀಲರೇ. ಕಳೆಯಲಿಕ್ಕೆ ನನ್ನ ಹತ್ತಿರ ಇನ್ನೇನು ಉಳಿದಿದೆ?"

"ಮಾತು ಉಳಿದಿದೆ. ನಾನು ಓದುತ್ತೇನೆ. ಸರಿಯೋ ತಪ್ಪೋ ನೀನು ಹೇಳಬೇಕು."

"ಓದಿ. ಕೈಗೆ ಕೆಲಸವಿದೆ, ಕಿವಿಗೆ ಇಲ್ಲ."

ದಿನವೂ ಓದಿದ. ರೈತ ಬುಟ್ಟಿಯಿಂದ ಕಣ್ಣೆತ್ತದೆ ಕೇಳಿದ, ತಿದ್ದಿದ, ಹೆಬ್ಬೆಟ್ಟು ಒತ್ತಿದ. ಏಳನೆಯ ದಿನ ಹಲಸಿನ ಹಾಳೆ ಬಂತು. ಅದನ್ನು ಕೆಳಗಿಟ್ಟು ಮುಂದಿನದನ್ನು ಓದಬಹುದಿತ್ತು. ವಕೀಲ ಅದನ್ನೇ ಓದಿದ: 'ಈ ಹಲಸನ್ನು ನನ್ನ ತಮ್ಮ ಹುಟ್ಟಿದ ವರ್ಷ ಅವ್ವ ನೆಟ್ಟಳು. ಆ ಇಳಿಜಾರಿನ ಪೊದೆಯನ್ನು ಕಡಿದವನು ಅವನು. ಬೀಜ ಹೊತ್ತವಳು ನಾನು. ನೆಲ ಅವನದು. ಎಷ್ಟು ವರ್ಷವಾಯಿತೋ, ನನಗೆ ಎಣಿಸಲು ಬರುವುದಿಲ್ಲ.'

ರೈತನ ಕೈ ನಿಂತಿತು. "ಇದು ಯಾರ ಮಾತು?"

"ನಿನ್ನ ಅಕ್ಕನ ಮಾತು. ಕೋರ್ಟಿನಲ್ಲಿಯೂ ಇದನ್ನೇ ಹೇಳಿದಳು."

"ಅದು ಹೇಗೆ ಗೊತ್ತು? ಅಂದು ನಿಮಗೆ ನಮ್ಮ ಭಾಷೆ ಬರುತ್ತಿರಲಿಲ್ಲ."

"ಬರುತ್ತಿರಲಿಲ್ಲ. ಅಂದು ಅವಳು ಒಂದು ಪದವನ್ನು ನಾಲ್ಕು ಸಲ ಹೇಳಿದಳು. ಆ ಸದ್ದು ನನ್ನ ಕಿವಿಯಲ್ಲಿ ಉಳಿದಿತ್ತು. ಅದು ಹಲಸಿನ ಹೆಸರು ಎಂದು ಇಲ್ಲಿಗೆ ಬಂದು ಕಲಿತ ಮೇಲೆ ತಿಳಿಯಿತು. ಕೋರ್ಟಿನ ಕಾಗದದಲ್ಲಿ ಹಲಸು ಒಂದು ಸಲವೂ ಬಂದಿಲ್ಲ. ಅವಳಿಗೆ ಓದಿ ಹೇಳುವಾಗ ಏನೋ ತಪ್ಪಿದೆ ಎಂದು ನನಗೆ ಅಂದೇ ಅನಿಸಿತ್ತು. ನಾನು ಸುಮ್ಮನಿದ್ದೆ."

ರೈತ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಇನ್ನೊಮ್ಮೆ ಓದಿ" ಎಂದ. ವಕೀಲ ಓದಿದ. "ಇನ್ನೊಮ್ಮೆ." ವಕೀಲ ಮತ್ತೆ ಓದಿದ.

"ಒಂದು ತಪ್ಪಿದೆ" ಎಂದ ರೈತ. "ನಾನು ಹುಟ್ಟಿದ ವರ್ಷವಲ್ಲ. ನಾನು ಹುಟ್ಟಿದ ದಿನ. ಅಕ್ಕ ಆಗ ಚಿಕ್ಕವಳು, ಮರೆತಿದ್ದಾಳೆ. ಅವ್ವನೇ ನನಗೆ ಹೇಳಿದ್ದಳು."

ವಕೀಲ ತಿದ್ದಿದ. ರೈತ ಹೆಬ್ಬೆಟ್ಟು ಒತ್ತಿದ. ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಅಕ್ಕನ ಮನೆಯ ದಾರಿ ಹಿಡಿದ. ವಕೀಲ ಹಾಳೆಗಳನ್ನು ಹೊತ್ತು ಹಿಂದೆ ಹೋದ.

ಅಕ್ಕ ಹೊಸಿಲಲ್ಲಿ ಕುಳಿತಿದ್ದಳು. ತಮ್ಮನನ್ನು ನೋಡಿದಳು. "ನಿನಗೆ ಇಟ್ಟ ಗಂಜಿ ಆರಿ ಎಷ್ಟು ವರ್ಷವಾಯಿತೋ, ನನಗೆ ಎಣಿಸಲು ಬರುವುದಿಲ್ಲ. ಒಳಗೆ ಬಾ, ಬಿಸಿ ಮಾಡುತ್ತೇನೆ" ಎಂದಳು.

ಹುದ್ದೆ ಬೇರೆಯವರಿಗೆ ಹೋಯಿತು. ನೆಲ ಹಿಂದಕ್ಕೆ ಬರಲಿಲ್ಲ. ನಿಘಂಟು ಯುಗಾದಿ ಕಳೆದು ಮತ್ತೊಂದು ಯುಗಾದಿಗೆ ಸಿದ್ಧವಾಯಿತು. ವಕೀಲ ಕೃತಜ್ಞತೆಯ ಪುಟ ಬರೆದ. ಅಕ್ಕನಿಗೆ ವಂದನೆ, ತಮ್ಮನಿಗೆ ವಂದನೆ, ಜೇನಿನ ಮುದುಕನಿಗೆ ವಂದನೆ. ಕೊನೆಗೆ, 'ಬರೆದುಕೊಂಡದ್ದನ್ನು ಹೇಳಿದವರಿಗೆ ಓದಿ ಹೇಳಬೇಕು ಎಂದು ನನಗೆ ಕಲಿಸಿದ ಕಾನೂನಿಗೆ ವಂದನೆ.' ಅಚ್ಚಿಗೆ ಕೊಡುವ ಮೊದಲು ಆ ಪುಟವನ್ನೂ ಬೆಟ್ಟಕ್ಕೆ ಒಯ್ದು, ಅವರ ಭಾಷೆಯಲ್ಲಿ ಓದಿ ಹೇಳಿದ.

ಅಕ್ಕ ಕೇಳಿ, "ಇಷ್ಟೇನಾ ಕರಿಕೋಟು? ಕುಡಿದ ಗಂಜಿಯ ಸುದ್ದಿಯೇ ಇಲ್ಲವಲ್ಲ!" ಎಂದಳು.

ವಕೀಲ ನಗುತ್ತ ಅದನ್ನೂ ಸೇರಿಸಿದ. ಮತ್ತೆ ಓದಿ ಹೇಳಿದ. ಅಕ್ಕತಮ್ಮ ಇಬ್ಬರೂ ಸರಿ ಇದೆ ಎಂದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆಯ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಆ ಐದು ವರ್ಷ ವ್ಯರ್ಥವಲ್ಲ" ಎಂದಳು. ಪುಟವನ್ನು ಎತ್ತಿಕೊಂಡು, ಹನ್ನೊಂದು ಹೆಂಗಸರ ಹೆಸರಿನ ಕೆಳಗೆ ಕಾನೂನು ಕಾಲೇಜಿನ ಹೆಸರನ್ನು ಅಂದವಾಗಿ ಬರೆದಳು. ಎರಡೂ ಕೈಯಲ್ಲಿ ಹಿಡಿದು ಗುರುಗಳ ಮುಂದಿಟ್ಟಳು.

ಗುರುಗಳು ಅದನ್ನು ನೋಡಿ, ಸಂತೋಷದಿಂದಲೇ ಕೇಳಿದರು:

"ಓದಿ ಹೇಳಿದಾಗ ಆ ಹನ್ನೊಂದು ಮಂದಿ ಏನೆಂದರಮ್ಮ?"