ಹಸಿ ಗಡಿಗೆಯನ್ನು ತಟ್ಟಿ ನೋಡಿದ ರೈತ

"ಬುದ್ಧಿ, ಯಾರೂ ಏನೂ ಕೇಳದೆ ಇದ್ದಾಗ ನನ್ನ ಮನಸ್ಸಿನಲ್ಲಿ ಏನಿರುತ್ತೆ?"

ಮಠದ ಜಗಲಿಯಲ್ಲಿ ಕುಳಿತಿದ್ದ ಗುರುಗಳಿಗೆ ಫಾಲಾಕ್ಷ ಈ ಪ್ರಶ್ನೆ ಕೇಳಿದ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಎಲ್ಲದಕ್ಕೂ ಉತ್ತರ ಹೇಳಿದವನಿಗೆ ಈಗ ಒಂದೇ ಒಂದು ಉತ್ತರ ಸಿಗದೆ ತಲೆ ಕೆಟ್ಟುಹೋಗಿತ್ತು.

ಮೂರು ದಿನದ ಹಿಂದೆ ಅತ್ತಿಗೆಯಿಂದ ಫೋನಿಗೆ ಸಂದೇಶ ಬಂದಿತ್ತು. "ನಿಮ್ಮಣ್ಣ ಆಸ್ಪತ್ರೆಯಲ್ಲಿದ್ದಾರೆ. ತಮ್ಮನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಅಂತ ಅದೊಂದನ್ನೇ ಕೇಳ್ತಿದ್ದಾರೆ. ಏನು ಹೇಳಲಿ?"

ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವ್ವ ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ, ಪಂಕ್ತಿಯಲ್ಲಿ ಕೂತ ನೆಂಟರ ಎದುರಿಗೇ ಅಣ್ಣ ಆಡಬಾರದ ಮಾತು ಆಡಿದ್ದ. ಎಲೆ ಬಿಟ್ಟು ಎದ್ದು ಬಂದ ಫಾಲಾಕ್ಷ ಮತ್ತೆ ಆ ಮನೆಯ ಹೊಸಿಲು ತುಳಿದಿರಲಿಲ್ಲ.

ಸುಳ್ಳು ಉತ್ತರ ಕೊಡಬಾರದೆಂದು ಅವನು ತನ್ನೊಳಗೆ ಹುಡುಕತೊಡಗಿದ. ಅಲ್ಲೇ ಗೊಂದಲ ಶುರುವಾಯಿತು. ಹೆಂಡತಿ ಮೊದಲು ಆ ಪಂಕ್ತಿಯ ಮಾತು ತೆಗೆದು, ಆಮೇಲೆ "ಅಣ್ಣ ಬೇಕಾ?" ಎಂದಳು. ಬೇಡವೆನಿಸಿತು. ತಂಗಿ ಫೋನು ಮಾಡಿ, ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದುದನ್ನು ನೆನಪಿಸಿ, ಆಮೇಲೆ "ಸಿಟ್ಟಿದೆಯಾ?" ಎಂದಳು. ಇಲ್ಲವೆನಿಸಿತು. ಎರಡು ಉತ್ತರವೂ ಹೊಟ್ಟೆಯೊಳಗಿಂದಲೇ ಬಂದವು. ಎರಡೂ ನಿಜವಾದರೆ ಫಾಲಾಕ್ಷನೆಂಬುವನು ಯಾವ ಕಡೆಯವನು?

"ನಾವು ಮಕ್ಕಳಿಗೆ ಕ್ವಾಂಟಮ್ ಸಿದ್ಧಾಂತ ಹೇಳಿಕೊಡ್ತೀವಿ, ಬುದ್ಧಿ. ಅಳೆದು ನೋಡೋವರೆಗೂ ಕಣ ಇಲ್ಲಿದೆ ಅನ್ನೋ ಹಾಗಿಲ್ಲ, ಅಲ್ಲಿದೆ ಅನ್ನೋ ಹಾಗೂ ಇಲ್ಲ. ಯಾವುದನ್ನ ಮೊದಲು ಅಳೀತೀವಿ ಅನ್ನೋದರ ಮೇಲೂ ಉತ್ತರ ಬದಲಾಗುತ್ತೆ. ಅದೇ ಲೆಕ್ಕವನ್ನ ಈಗ ಕೆಲವರು ಮನಸ್ಸಿಗೂ ಹಚ್ಚಿ ನೋಡ್ತಿದ್ದಾರೆ. ಹಾಗಾದರೆ ಕೇಳೋಕೆ ಮೊದಲು ನನ್ನೊಳಗೆ ಇದ್ದದ್ದು ಸಿಟ್ಟೋ, ಪ್ರೀತಿಯೋ?"

ಗುರುಗಳು ನಕ್ಕರು. "ನಿನ್ನ ಕಣ ನನಗೆ ಗೊತ್ತಿಲ್ಲಪ್ಪ. ಗಡಿಗೆ ಗೊತ್ತು" ಎಂದು ಈ ಕತೆ ಹೇಳಿದರು.

ಒಬ್ಬ ರೈತನ ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಕುಂಬಾರನ ಮನೆಯಿಂದ ಐರಾಣಿ ಗಡಿಗೆಗಳನ್ನು ತಂದು ಪೂಜಿಸಬೇಕು. ಅವುಗಳಲ್ಲಿ ಒಂದು ಬಿರುಕು ಬಿಟ್ಟರೂ ಅಪಶಕುನ. ರೈತನ ಹಿರಿಯ ಮಗಳ ಮದುವೆಯಲ್ಲಿ ಹಾಗೇ ಆಗಿ, ಆಕೆ ವರ್ಷ ತುಂಬುವುದರೊಳಗೆ ವಿಧವೆಯಾಗಿದ್ದಳು. ಈ ಸಲ ಅವನಿಗೆ ಜೀವದಲ್ಲಿ ಜೀವವಿರಲಿಲ್ಲ. ಮದುವೆಗೆ ಇನ್ನೂ ಹದಿನೈದು ದಿನವಿರುವಾಗಲೇ ಕುಂಬಾರನ ಮನೆಗೆ ಓಡಿದ.

ಕುಂಬಾರ ಒಳಗಿದ್ದ. ಆಗಷ್ಟೇ ತಿಗರಿಯ ಚಕ್ರದಿಂದ ಇಳಿಸಿದ ಐದು ಗಡಿಗೆಗಳು ನೆರಳಿನಲ್ಲಿದ್ದವು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಬಿರುಕು. ರೈತನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ತಟ್ಟಿದ. ಸದ್ದೇ ಬರಲಿಲ್ಲ. ಇನ್ನೊಂದನ್ನು ಜೋರಾಗಿ ತಟ್ಟಿದ. ಐದನ್ನೂ ತಟ್ಟಿ ನೋಡಿದರೆ, ಐದರಲ್ಲೂ ಗುಳಿ. ಅವನು ಕೂಗಿಕೊಂಡ.

"ಅಯ್ಯೋ, ಎಲ್ಲಾ ಕೆಟ್ಟಿದಾವಲ್ಲೋ!"

ಕುಂಬಾರ ಹೊರಗೆ ಬಂದು ನೋಡಿದ. "ನೀವು ತಟ್ಟೋವರ್ಗೂ ಕೆಟ್ಟಿರ್ಲಿಲ್ಲ, ಯಜಮಾನ್ರೆ."

"ಹಂಗಾರೆ ಚೆನ್ನಾಗಿದ್ವಾ?"

"ಚೆನ್ನಾಗಿದ್ವು ಅಂತ ಹೆಂಗ್ ಹೇಳ್ಲಿ? ಹಸಿಯಾಗಿದ್ವು."

ರೈತನಿಗೆ ತಲೆಬುಡ ತಿಳಿಯಲಿಲ್ಲ. ಕುಂಬಾರ ಕುಕ್ಕರುಗಾಲಿನಲ್ಲಿ ಕೂತು ಗಡಿಗೆಯನ್ನು ಮಡಿಲಿಗೆ ಎಳೆದುಕೊಂಡ. ಎಡಗೈಯಲ್ಲಿ ಗುಂಡುಕಲ್ಲು ಹಿಡಿದು ಗಡಿಗೆಯೊಳಗೆ ಇಳಿಸಿದ. ಬಲಗೈಯಲ್ಲಿ ಮರದ ಹಲಗೆ ಹಿಡಿದು ಹೊರಗಿನಿಂದ ಪಟಪಟ ಬಡಿಯತೊಡಗಿದ. ರೈತನಿಗೆ ಸಿಟ್ಟು ನೆತ್ತಿಗೇರಿತು.

"ನಾನು ಬೆರಳಲ್ಲಿ ತಟ್ಟಿದ್ದಕ್ಕೆ ಕೆಡ್ತು ಅಂತೀಯ. ನೀನು ಹಲಗೇಲಿ ಬಡೀತಿದೀಯಲ್ಲೋ!"

"ನಂದು ಇನ್ನೊಂದು ಕೈ ಒಳಗೈತೆ, ಯಜಮಾನ್ರೆ."

ಗುಳಿ ಮಾಯವಾಯಿತು. ಐದೂ ಗಡಿಗೆಗಳು ಹಲಗೆಯ ಪೆಟ್ಟು ತಿಂದು, ಒಣಗಿ, ಬೆಂದು, ಸುಣ್ಣ ಕೆಮ್ಮಣ್ಣು ಬಳಿಸಿಕೊಂಡು ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದೆ ಮದುವೆಮನೆ ಸೇರಿದವು.

ಕತೆ ಮುಗಿಯಿತು. ಫಾಲಾಕ್ಷನಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಮನಸ್ಸು ಹಸಿ ಗಡಿಗೆ, ಸರಿ. ಹೆಂಡತಿ ತಟ್ಟಿದಲ್ಲಿ ಒಂದು ಗುಳಿ, ತಂಗಿ ತಟ್ಟಿದಲ್ಲಿ ಇನ್ನೊಂದು, ಅದೂ ಸರಿ. ಅತ್ತಿಗೆಯ ಸಂದೇಶ ಮಾತ್ರ ಇನ್ನೂ ಹಾಗೇ ಉಳಿದಿತ್ತು. ಅವನು ಜೇಬಿನಿಂದ ಫೋನು ತೆಗೆದು ಅದನ್ನು ಮತ್ತೊಮ್ಮೆ ಓದಿದ.

"ಬುದ್ಧಿ, ನನಗೆ ಒಳಗೆ ಏನೂ ಕಾಣಿಸ್ತಿಲ್ಲ. ಇದೆ ಅಂತ ಬರೀಲಾ, ಇಲ್ಲ ಅಂತ ಬರೀಲಾ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಮೂರು ದಿನದಿಂದ ನಿನ್ನನ್ನೇ ತಟ್ಟಿ ತಟ್ಟಿ ನೋಡ್ಕೊಂಡೆಯಲ್ಲ, ಆಸ್ಪತ್ರೆಯಲ್ಲಿರೋ ಅಣ್ಣನಿಗೆ ಏನಾಗಿದೆ ಅಂತ ಕೇಳಿದೆಯಾ?"