ಮೂರನೆಯ ಸಾಲಿನ ನವಿಲು

"ಕೇಳಿರಪ್ಪಾ ಕೇಳಿರಿ! ಹೊನ್ನಗಿರಿಯ ದೊರೆಸಾನಿ ಹೊನ್ನಾಂಬೆಯವರ ಅಪ್ಪಣೆ! ಅರಮನೆಯಲ್ಲಿ ಮೂರು ಸಾಲು ಚಿತ್ರದ ಹಲಗೆ ತೂಗುಹಾಕಿದೆ. ಮಣಿಯದೊಂದು ಸಾಲು, ಗಿಳಿಯದೊಂದು, ನವಿಲಿನದೊಂದು. ಪ್ರತಿ ಸಾಲಿನ ಕೊನೆಯ ಹಲಗೆ ಖಾಲಿ. ಹಿಂದಿನದನ್ನು ನೋಡಿ ಮುಂದಿನದನ್ನು ಹೇಳಬಲ್ಲವನೇ ರಾಜ್ಯ ಆಳಲು ತಕ್ಕವನು. ಅವನು ದೊರೆಸಾನಿಯ ಕೈಹಿಡಿಯಬಹುದು. ತಪ್ಪಿದವನ ತಲೆ ಅದೇ ಸಂಜೆ ಉರುಳುತ್ತದೆ!"

ನೇಕಾರರ ಓಣಿಯಲ್ಲಿ ಡಂಗುರ ಕೇಳಿದ ಅಡಿವೆಪ್ಪನ ಕೈಯಲ್ಲಿ ಲಾಳಿ ನಿಂತುಹೋಯಿತು. ಮಣಿ, ಗಿಳಿ, ನವಿಲು! ಅವನು ಹಳೆಯ ಮಗ್ಗದ ಮೇಲೆ ಬಿಡುವಾದಾಗಲೆಲ್ಲ ನೇಯುತ್ತಿದ್ದ ಧೋತ್ರದ ಅಂಚಿನಲ್ಲಿ ಅವೇ ಮೂರು, ಅದೇ ಕ್ರಮದಲ್ಲಿ ಇದ್ದವು. ಅವನ ತಲೆಯಲ್ಲೇ ಹುಟ್ಟಿದ ಅಂಚು ಅದು. ಯಾರಿಗೆ ನೇಯುತ್ತಿದ್ದೇನೆಂದು ಅವನು ಬಾಯಿ ಬಿಟ್ಟಿರಲಿಲ್ಲ. ನೋಡಿದವನು ಒಬ್ಬನೇ, ಚಿತ್ರ ಬರೆಯುವ ಮುದ್ದಪ್ಪ. ಚಿಕ್ಕಂದಿನಿಂದ ಒಂದೇ ತಾಟಿನಲ್ಲಿ ಉಂಡ ಗೆಳೆಯ. "ಮುಂದೇನು ಬರ್ತೈತೋ ಅಡಿವ್ಯಾ?" ಎಂದು ಮಗ್ಗದ ಪಕ್ಕ ಕೂತು ಕೇಳುತ್ತಿದ್ದ, ಇವನು ಖುಷಿಯಿಂದ ಎಲ್ಲ ಹೇಳುತ್ತಿದ್ದ. ಮೂರನೆಯ ನವಿಲು ಮುಗಿದ ದಿನವೇ ಮುದ್ದಪ್ಪ ಹೇಳದೆ ಕೇಳದೆ ಊರು ಬಿಟ್ಟಿದ್ದ.

'ಅವನಾಗಿರಲಿಕ್ಕಿಲ್ಲ' ಎಂದುಕೊಳ್ಳುತ್ತಲೇ ಅಡಿವೆಪ್ಪ ಮುಗಿಯದ ಧೋತ್ರವನ್ನು ಮಗ್ಗದಿಂದ ಕಡಿದ, ಹೆಗಲಿಗೆ ಹಾಕಿದ, ರಾಜಧಾನಿಯ ದಾರಿ ಹಿಡಿದ. ಅವನಿಗೆ ರಾಜ್ಯವೂ ಬೇಕಿರಲಿಲ್ಲ, ದೊರೆಸಾನಿಯೂ ಬೇಕಿರಲಿಲ್ಲ. ಯಾರೆಂದು ಕಣ್ಣಾರೆ ನೋಡಬೇಕಿತ್ತು, ಅಷ್ಟೆ.

ಆಸ್ಥಾನದಲ್ಲಿ ಜನವೋ ಜನ. ಹೊನ್ನಾಂಬೆ ಮೊದಲ ಸಾಲು ತೋರಿಸಿ ಶೆಟ್ಟರ ಮಗನನ್ನು ಕೇಳಿದಳು: "ಮೊದಲ ಹಲಗೆಯಲ್ಲಿ ಒಂದು ಮಣಿ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಆರು. ನಾಲ್ಕನೆಯದರಲ್ಲಿ ಎಷ್ಟು?"

"ಒಂಬತ್ತು!" ಎಂದ ಶೆಟ್ಟರ ಮಗ. ಭಟರು ಅವನ ಕೈ ಕಟ್ಟಿದರು.

ಆಮೇಲೆ ಬಂದ ದೇಸಾಯಿ ಅದನ್ನು ಹೇಗೋ ದಾಟಿದ. ಹೊನ್ನಾಂಬೆ ಎರಡನೆಯ ಸಾಲಿಗೆ ಬಂದಳು: "ಮೊದಲ ಹಲಗೆಯ ಮೇಲಿನ ಎಡಮೂಲೆಯಲ್ಲಿ ಕೊಡ, ಕೊಡದ ಮೇಲೆ ಗಿಳಿ. ಎರಡರಲ್ಲಿ ಗಿಳಿ ಮೇಲಿನ ಬಲಮೂಲೆಗೆ, ಕೊಡ ಕೆಳಗಿನ ಬಲಮೂಲೆಗೆ. ಮೂರರಲ್ಲಿ ಗಿಳಿ ಕೆಳಗಿನ ಬಲಮೂಲೆಗೆ, ಕೊಡ ಮೊದಲಿದ್ದ ಮೂಲೆಗೆ. ನಾಲ್ಕರಲ್ಲಿ ಗಿಳಿ ಕೆಳಗಿನ ಎಡಮೂಲೆಗೆ, ಕೊಡ ಮತ್ತೆ ಕೆಳಗಿನ ಬಲಮೂಲೆಗೆ. ಐದರಲ್ಲಿ?"

"ಗಿಳಿ ಹಾರಿಹೋಯಿತು" ಎಂದ ದೇಸಾಯಿ. ಅವನ ಕೈಯನ್ನೂ ಕಟ್ಟಿದರು.

ಮೂರನೆಯವನು ಮೀಸೆ ಚಿಗುರದ ಅರಸುಕುವರ. ಎರಡೂ ಸಾಲನ್ನು ಸಲೀಸಾಗಿ ದಾಟಿ ನವಿಲಿನ ಮುಂದೆ ನಿಂತ. ಹೊನ್ನಾಂಬೆ ಕೇಳಿದಳು: "ನವಿಲಿನ ಮುಖ ಮೊದಲು ಮೇಲಕ್ಕೆ, ಆಮೇಲೆ ಎಡಕ್ಕೆ, ಆಮೇಲೆ ಕೆಳಕ್ಕೆ. ನಾಲ್ಕನೆಯದು ಎತ್ತ?"

"ಬಲಕ್ಕೆ."

ಸರಿಯಾಗಿಯೇ ಹೇಳಿದ ಎಂದು ಅಡಿವೆಪ್ಪ ತಲೆದೂಗಿದ. ಆಗ ಸಿಂಹಾಸನದ ಪಕ್ಕದಿಂದ ಜರಿ ರುಮಾಲಿನ ಆಸ್ಥಾನ ಚಿತ್ರಗಾರ ಎದ್ದು, ಮುದ್ರೆಯ ಓಲೆ ಬಿಚ್ಚಿ ಓದಿದ: "ಎಡಕ್ಕೆ! ತಪ್ಪು."

ಆ ದನಿ ಯಾರದೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. "ಮುದ್ದಾ!" ಎಂದು ಕೂಗುತ್ತ ಅಡಿವೆಪ್ಪ ಜನರನ್ನು ಸೀಳಿಕೊಂಡು ಹಲಗೆಗಳ ಮುಂದೆ ಹೋದ.

ಮುದ್ದಪ್ಪ ಅವನ ಮುಖವನ್ನೇ ನೋಡಲಿಲ್ಲ. "ಯಾರೋ ನೇಕಾರ, ದೊರೆಸಾನಿ. ನನಗೆ ಪರಿಚಯವಿಲ್ಲ. ಆದರೆ ಹಲಗೆಯ ಮುಂದೆ ನಿಂತವನು ಉತ್ತರ ಕೊಡಬೇಕು, ಇಲ್ಲವೇ ತಲೆ ಕೊಡಬೇಕು."

ಅಂಚು ಕದ್ದದ್ದನ್ನಾದರೂ ಅಡಿವೆಪ್ಪ ಹೇಗೋ ಸಹಿಸಬಹುದಿತ್ತು. ಪರಿಚಯವಿಲ್ಲವಂತೆ!

"ಕೇಳ್ರಿ ದೊರೆಸಾನಿ" ಎಂದ. "ಒಂದು ಮಣಿಗೆ ಎರಡು ಕೂಡಿ ಮೂರು, ಮೂರು ಕೂಡಿ ಆರು. ಇನ್ನ ನಾಕು ಕೂಡಿದ್ರ ಹತ್ತು. ಗಿಳಿ ಒಂದೊಂದ ಮೂಲಿ ದಾಟತೈತಿ, ಕೊಡ ಎರಡೆರಡು. ಐದನೇದ್ರಾಗ ಎರಡೂ ಮೊದಲಿನ ಮೂಲಿಗೇ ಬರ್ತಾವು. ಗಿಳಿ ಎಲ್ಲೂ ಹಾರಿಹೋಗೂದಿಲ್ಲ, ತನ್ನ ಕೊಡದ ಮ್ಯಾಲೇ ಬಂದು ಕುಂದರತೈತಿ."

"ಎರಡೂ ಸರಿ. ನವಿಲು?" ಎಂದಳು ಹೊನ್ನಾಂಬೆ.

ಅಡಿವೆಪ್ಪ ಹಲಗೆ ನೋಡಿದ, ಓಲೆ ನೋಡಿದ, ಎಲ್ಲವೂ ತಿಳಿದುಹೋಯಿತು. ಎಡಕ್ಕೆ ಎಂದರೆ ಸಾಕು, ಗೆದ್ದ ಹಾಗೆಯೇ. ಓಲೆಯಲ್ಲಿರುವುದು ಮಗ್ಗದ ಮುಂದೆ ಕೂತು ತಾನೇ ಆಡಿದ ಮಾತು. ಆದರೆ ಸರಿ ಹೇಳಿದ ಆ ಹುಡುಗ ಕೈ ಕಟ್ಟಿಸಿಕೊಂಡು ಬಿಳಿಚಿಕೊಂಡು ನಿಂತಿದ್ದ.

"ಬಲಕ್ಕ" ಎಂದ ಅಡಿವೆಪ್ಪ.

"ತಪ್ಪು!" ಎಂದು ಮುದ್ದಪ್ಪ ಕಿರುಚಿದ. ಭಟರು ಮುಂದೆ ಬಂದರು.

"ಹಲಗಿ ಮ್ಯಾಲಿನ ನವಿಲು ಎಡಕ್ಕ ಸುತ್ತತೈತಿ, ಅದಕ ಮುಂದಿಂದು ಬಲಕ್ಕ. ಆ ಓಲಿ ಸುಳ್ಳು ಯಾಕಂತ ತೋರಸ್ತೀನಿ." ಧೋತ್ರವನ್ನು ನೆಲದ ಮೇಲೆ ಮಗುಚಿ ಹಾಸಿದ. "ಮಗ್ಗದ ಮ್ಯಾಲೆ ನಮ್ಮ ಅರಿವಿ ಹಿಂಗ ಬೋರಲ ಇರತೈತ್ರಿ. ಮಾರಿ, ಅಂದ್ರ ಮುಖದ ಕಡೆ, ಕೆಳಗ, ಬೆನ್ನು ಮ್ಯಾಲೆ. ಇವ ನೋಡಿ ಬರಕೊಂಡದ್ದು ಈ ಬೆನ್ನು." ಹಲಗೆಯ ಮೇಲಿದ್ದಂತೆಯೇ ಮೂರು ನವಿಲು: ಮೇಲಕ್ಕೆ, ಎಡಕ್ಕೆ, ಕೆಳಕ್ಕೆ. ಬಟ್ಟೆ ತಿರುವಿದ. ಎಡಕ್ಕಿದ್ದ ನವಿಲು ಬಲಕ್ಕೆ ತಿರುಗಿತು. "ಇದು ಮಾರಿ. ಇದರ ಪ್ರಕಾರ ಕಡೀ ನವಿಲು ಎಡಕ್ಕ. ಅದನ್ನಿನ್ನೂ ನೇಯ್ದಿದ್ದಿಲ್ಲ, ಬಾಯಿಲೆ ಹೇಳಿದ್ದೆ. ಚಿತ್ರ ಬೆನ್ನಿಂದು, ಉತ್ತರ ಮಾರೀದು. ನಾ ನೇಯ್ದಷ್ಟೂ ಕದ್ದಾನ, ನಾ ಹೇಳಿದ್ದನ್ನೂ ಕದ್ದಾನ."

ಹೊನ್ನಾಂಬೆ ಬಟ್ಟೆಯನ್ನು ತಾನೇ ಎತ್ತಿ ಎರಡೂ ಬದಿ ನೋಡಿದಳು. "ತಾನೇ ಹೆಣೆದ ಒಗಟೆಂದು ನನ್ನನ್ನೂ ನಂಬಿಸಿದ" ಎಂದಳು. ಕೈ ಕಟ್ಟಿಸಿಕೊಂಡ ಮೂವರನ್ನೂ ಬಿಡಿಸಿದಳು. "ಒಗಟಿನ ಒಡೆಯ ನೀನೇ, ಬಿಡಿಸಿದವನೂ ನೀನೇ. ಕೊಟ್ಟ ಮಾತು ನಡೆಸುತ್ತೇನೆ. ಈ ಕಳ್ಳನ ತಲೆ ಏನು ಮಾಡಲಿ?"

ಮುದ್ದಪ್ಪ ದೊಪ್ಪನೆ ಕಾಲಿಗೆ ಬಿದ್ದ. "ಅಡಿವ್ಯಾ, ಉಳಸೋ!" ಅಂದು ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

ಅಡಿವೆಪ್ಪನ ಕಣ್ಣು ತುಂಬಿತು. "ಇದು ಯಾರಿಗಂತ ಒಮ್ಮೆಯಾದ್ರೂ ಕೇಳಿದ್ಯಾ? ನಿನ್ನ ಮದುವಿಗೆ ನೇಯ್ತಿದ್ದೆ. ಇನ್ನೊಂದು ನವಿಲು ಮುಗಿದಿದ್ರ ನಾನಾಗೇ ತಂದು ನಿನ್ನ ಹೆಗಲಿಗೆ ಹಾಕ್ತಿದ್ದೆ." ಆಮೇಲೆ ದೊರೆಸಾನಿಯ ಕಡೆ ತಿರುಗಿದ. "ತಲಿ ಬ್ಯಾಡ್ರಿ. ಧೋತ್ರ ಅವಂಗೇ ಇರಲಿ. ಆದ್ರ ಬೆನ್ನು ಮ್ಯಾಲೆ ಮಾಡೇ ಉಡಬೇಕು. ಅವ ನೋಡಿದ್ದು ಅದೊಂದನ್ನ."

ಮದುವೆ ಆಯಿತು, ಅಡಿವೆಪ್ಪ ದೊರೆಯಾದ, ಅರಮನೆಯಲ್ಲೊಂದು ಮಗ್ಗವೂ ಬಂತು. ಎಷ್ಟೋ ಅಂಚು ನೇಯ್ದ. ಪಕ್ಕದಲ್ಲಿ ಯಾರಾದರೂ ಕೂತು "ಮುಂದೇನು?" ಎಂದು ಕೇಳಿದರೆ ಮಾತ್ರ ಲಾಳಿ ಕೆಳಗಿಟ್ಟು ಎದ್ದುಬಿಡುತ್ತಿದ್ದ.